ಓಬಯ್ಯ ಅಗಿದ ವೀಳ್ಯ

ಕಾರ್ತೀಕದ ಮೊದಲ ವಾರ. ಎರೆಹಟ್ಟಿಯ ಹೊಲಗಳಲ್ಲೆಲ್ಲ ಶೇಂಗಾ ಕಿತ್ತು ಗುಡ್ಡೆ ಹಾಕಿದ್ದರು. ಬಳ್ಳಿಯ ಮೇಲಿನ ಇಬ್ಬನಿ ಆರುವ ಮೊದಲೇ ಹೆಂಗಸರು ಗುಡ್ಡೆಗಳ ಸುತ್ತ ಕೂತು ಕಾಯಿ ಬಿಡಿಸುತ್ತಿದ್ದರು. ಮಣ್ಣಿನ ಹಸಿ ವಾಸನೆ ಊರ ಅಗಸೆಯವರೆಗೂ ಬರುತ್ತಿತ್ತು. ಓಬಯ್ಯನೂ ತನ್ನ ಎರಡೆಕರೆಯ ಗುಡ್ಡೆಯ ಮುಂದೆ ಹೆಂಡತಿ ಸೂರಮ್ಮ, ಮಗಳು ಕಾವ್ಯ ಇಬ್ಬರ ಜೊತೆ ಕುಕ್ಕರಗಾಲಲ್ಲಿ ಕೂತಿದ್ದ. ಬೇರೆ ದಿನವಾಗಿದ್ದರೆ ಅಷ್ಟು ಹೊತ್ತಿಗೆ ಅವನು ರೈಲಿನಲ್ಲಿರಬೇಕಿತ್ತು. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಅವನದು ಚೀಲ ಹೊಲಿಯುವ ಕೆಲಸ. ತುಂಬಿದ ಚೀಲದ ಬಾಯನ್ನು ಎಂಟು ಹೊಲಿಗೆಯಲ್ಲಿ ಮುಚ್ಚುವುದರಲ್ಲಿ ಅವನನ್ನು ಮೀರಿಸುವವರು ಆ ಮಿಲ್ಲಿನಲ್ಲಿ ಇರಲಿಲ್ಲ. ಹತ್ತೊಂಬತ್ತು ವರ್ಷ ಹೊಲಿದ ಕೈಗೆ ತಲೆಯ ಸಹಾಯವೇ ಬೇಕಾಗುತ್ತಿರಲಿಲ್ಲ. ತಲೆ ಆಗ ಬೇರೆಲ್ಲೋ ಇರುತ್ತಿತ್ತು. ಹಾಗಾಗಿಯೇ ಒಮ್ಮೆ ತನ್ನ ಹೆಗಲ ಟವೆಲನ್ನೇ ಚೀಲದ ಬಾಯಿಗೆ ಸೇರಿಸಿ ಹೊಲಿದು, ಅದು ಲಾರಿಯಲ್ಲಿ ಊರು ಬಿಟ್ಟುಹೋದ ಮೇಲೆ ಹುಡುಕಿದ್ದ.

ಇಷ್ಟಾದರೂ ಓಬಯ್ಯ ತನಗೊಂದು ವಿಷಯ ಗೊತ್ತಿಲ್ಲವೆಂದು ಯಾರ ಮುಂದೆಯೂ ಒಪ್ಪಿಕೊಂಡವನಲ್ಲ. ಚಳ್ಳಕೆರೆಯಿಂದ ಮನೆಗೆ ಬರುವಾಗ ನಿದ್ದೆಹೋಗಿ ರಾಯದುರ್ಗದಲ್ಲಿ ಇಳಿದ ದಿನವೂ, ಅಲ್ಲಿ ಬಳಗದವರನ್ನು ಮಾತಾಡಿಸಿಕೊಂಡು ಬರಲು ಹೋಗಿದ್ದೆನೆಂದೇ ಹೇಳಿದ್ದ. ಅಲ್ಲಿ ಅವನ ಬಳಗದವರು ಯಾರೂ ಇರಲಿಲ್ಲ. ಸೂರಮ್ಮನಿಗೆ ಅದು ಗೊತ್ತಿತ್ತು. ಗಂಡನ ಮಾನ ದೊಡ್ಡದೆಂದು ಆಕೆ ಆ ಬಳಗದವರ ಯೋಗಕ್ಷೇಮವನ್ನೂ ವಿಚಾರಿಸಿದ್ದಳು.

ಎಂಟು ಗಂಟೆಯ ಪಾಳಿ ಬೇಕೆಂದು ರೈಲ್ವೆ ಗೇಟು ಕಾಯುವ ನೌಕರರು ಮುಷ್ಕರ ಹೂಡಿ ಅದು ಎರಡನೆಯ ದಿನ. ಮಂಗಳವಾರದಿಂದ ಬೆಳಗಿನ ಪ್ಯಾಸೆಂಜರ್ ಬಂದಿರಲಿಲ್ಲ. ಬಸ್ಸು ಹಿಡಿಯಬೇಕಾದರೆ ಬಿ.ಜಿ. ಕೆರೆಯ ಹೆದ್ದಾರಿಗೆ ಹೋಗಬೇಕು. ಅಲ್ಲಿಗೆ ಬರುವ ಬಸ್ಸುಗಳು ರಾಂಪುರದಲ್ಲೇ ತುಂಬಿ, ಬಾಗಿಲಲ್ಲಿ ನಾಲ್ಕು ಜನರನ್ನು ನೇತುಹಾಕಿಕೊಂಡು ಬರುತ್ತಿದ್ದವು. ಆದರೂ ಎರೆಹಟ್ಟಿಯ ದಿನದ ಪ್ರಯಾಣಿಕರು ಊಟದ ಡಬ್ಬಿ ಹಿಡಿದು ಸ್ಟೇಷನ್ನಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ರೈಲು ಬಂದರೂ ಬಂದೀತು ಎಂಬ ಆಸೆ ಒಂದು. ರೈಲು ಬರದಿದ್ದರೆ ಜಗಳವಾದರೂ ಆಗುತ್ತದೆಂಬುದು ಇನ್ನೊಂದು.

ಜಗಳದಲ್ಲಿ ಎರಡು ಪಕ್ಷಗಳಾಗಿದ್ದವು. ಮುಷ್ಕರದ ವಿರುದ್ಧದ ಪಕ್ಷಕ್ಕೆ ಸೊಪ್ಪಿನ ಜಯಕ್ಕ ಮುಂದಾಳು. ಆಕೆ ದಿನವೂ ಚಳ್ಳಕೆರೆ ಸಂತೆಮಾಳದ ಹತ್ತಿರ ಕೊತ್ತಂಬರಿ, ಪಾಲಕ್ ಮಾರುವವಳು. ಗೇಟಿನವರಿಗೆ ತಿಂಗಳಾದರೆ ಸಂಬಳ ಬರುತ್ತದೆ, ತನ್ನ ಕೊತ್ತಂಬರಿಗೆ ಯಾವ ಸರ್ಕಾರ ಸಂಬಳ ಕೊಡುತ್ತದೆ ಎಂಬುದು ಆಕೆಯ ಪ್ರಶ್ನೆ. ಮುಷ್ಕರದ ಪರ ಪಕ್ಷಕ್ಕೆ ಮಹಾಂತೇಶ ಮುಂದಾಳು. ಅವನು ಚಳ್ಳಕೆರೆಯ ವಕೀಲರೊಬ್ಬರ ಗುಮಾಸ್ತ. ಹನ್ನೆರಡು ಗಂಟೆ ಒಬ್ಬನೇ ಗೇಟು ಕಾಯುವುದು ಯಾವ ಕಾನೂನಿನಲ್ಲಿದೆ ಎಂದು ಅವನು ಕೇಳುತ್ತಿದ್ದ. ಯಾವ ಕಾನೂನಿನಲ್ಲಿಲ್ಲ ಎಂದು ಜಯಕ್ಕ ತಿರುಗಿ ಕೇಳಿದರೆ, ಅದನ್ನು ವಕೀಲರನ್ನು ಕೇಳಿ ಹೇಳಬೇಕಾಗುತ್ತದೆ ಎನ್ನುತ್ತಿದ್ದ.

ಆ ಬುಧವಾರ ಜಗಳ ಡಬ್ಬಿಗಳನ್ನು ಕೆಳಗಿಟ್ಟು ಕೈಮಾಡುವ ಮಟ್ಟಕ್ಕೆ ಬಂತು. ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂತಿದ್ದ ಯಜಮಾನ ಚಿತ್ತಪ್ಪ ಆಗ ಕೆಮ್ಮಿದರು. ಹಟ್ಟಿಯ ನ್ಯಾಯ, ಮದುವೆ, ಮಳೆದೇವರ ಪೂಜೆ ಯಾವುದೂ ಅವರ ಕೆಮ್ಮಿಲ್ಲದೆ ಆರಂಭವಾಗುತ್ತಿರಲಿಲ್ಲ. ಅವರು ಬೆಂಚಿನ ಮೇಲೆ ಟವೆಲ್ ಹಾಸಿ, ಸಂಚಿ ಬಿಚ್ಚಿ, ಐದು ವೀಳ್ಯದೆಲೆ ಮತ್ತು ಎರಡು ಅಡಿಕೆ ಇಟ್ಟರು. ಬಾಯಿ ಬಡಿದುಕೊಂಡರೆ ರೈಲು ಬರುವುದಿಲ್ಲ, ಸೋಮವಾರದೊಳಗೆ ಈ ಪ್ಲಾಟ್‌ಫಾರ್ಮಿಗೆ ರೈಲು ತರಿಸಲು ಓಡಾಡುವ ಒಬ್ಬ ಬೇಕು, ಎದೆಯುಳ್ಳವರು ವೀಳ್ಯ ಹಿಡಿಯಿರಿ ಅಂದರು.

ಜಗಳ ನಿಂತುಹೋಯಿತು. ಆ ಕಡೆ ವೀಳ್ಯ ಹಿಡಿಯುವುದೆಂದರೆ ಆಟದ ಮಾತಲ್ಲ. ಯಜಮಾನರು ಇಟ್ಟ ವೀಳ್ಯ ಎತ್ತಿದವನು ಕೆಲಸ ಮುಗಿಸಬೇಕು. ಮುಗಿಸದಿದ್ದರೆ ಅವನ ಮನೆಯ ಶುಭಕಾರ್ಯದಲ್ಲಿ ಅವನ ಕೈಯ ವೀಳ್ಯವನ್ನು ಯಾರೂ ಮುಟ್ಟುವುದಿಲ್ಲ. ಜಯಕ್ಕ ತನ್ನ ಬುಟ್ಟಿಯಲ್ಲಿ ಏನನ್ನೋ ಹುಡುಕತೊಡಗಿದಳು. ಮಹಾಂತೇಶ ಫೋನು ತೆಗೆದು ಬಾರದ ಕರೆಗೆ ಹಲೋ ಅಂದ. ಹೀಗೆ ಕಾಲು ಗಂಟೆ ಕಳೆಯಿತು.

ಆಗ ಓಬಯ್ಯ ಬಂದ. ಒಂದು ಸಲ ಸ್ಟೇಷನ್ ಕಡೆ ನೋಡಿ ಬರುತ್ತೇನೆಂದು ಹೊಲದಿಂದ ಎದ್ದು ಬಂದಿದ್ದ. ಬಿಸಿಲಿಗೆ ಬಾಯಿ ಒಣಗಿತ್ತು. ಬೆಂಚಿನ ಮೇಲೆ ಟವೆಲ್ ಹಾಸಿ ಎಲೆ ಅಡಿಕೆ ಇಟ್ಟಿದ್ದು ಕಣ್ಣಿಗೆ ಬಿತ್ತು. ಇಷ್ಟು ಜನ ಸೇರಿಯೂ ಯಾರೂ ಮುಟ್ಟದಿರುವುದು ವಿಚಿತ್ರವೆನಿಸಿತು. ಆದರೆ ಯಾಕೆಂದು ಕೇಳುವುದು ಅವನ ಜಾಯಮಾನವಲ್ಲ. ಎಲ್ಲಕ್ಕಿಂತ ಎಳೆಯದಾದ ಎರಡು ಎಲೆ ಆರಿಸಿ, ತೊಡೆಗೆ ಒರೆಸಿ, ತೊಟ್ಟು ಚಿವುಟಿದ.

"ಸುಣ್ಣ ಐತಾ ಯಜಮಾನ್ರೆ?" ಅಂದ.

ಚಿತ್ತಪ್ಪ ತಮ್ಮ ಸುಣ್ಣದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನೀಡಿದರು. ಅವರು ಯಾರಿಗೂ ಹಾಗೆ ಸುಣ್ಣ ಕೊಟ್ಟದ್ದನ್ನು ಎರೆಹಟ್ಟಿ ಕಂಡಿರಲಿಲ್ಲ. ಓಬಯ್ಯ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಚಿ ಬಾಯಿಗಿಟ್ಟ. ಕೂತಿದ್ದವರೆಲ್ಲ ಎದ್ದು ನಿಂತರು. ಜಯಕ್ಕ ಸೆರಗು ಸರಿಮಾಡಿಕೊಂಡಳು. ಮಹಾಂತೇಶ ಓಡಿಬಂದು ಅವನ ಮಣ್ಣಿನ ಕೈ ಹಿಡಿದುಕೊಂಡು, ಸೋಮವಾರದೊಳಗೆ ಆಗುತ್ತದಾ ಎಂದು ಕೇಳಿದ.

ಸೋಮವಾರ ಓಬಯ್ಯನ ಮನೆಯಲ್ಲಿ ಮಗಳು ಕಾವ್ಯಳ ವೀಳ್ಯಶಾಸ್ತ್ರ. ರಾಂಪುರದ ಹುಡುಗ ಪ್ರಭು, ತಂದೆ ಅಂಜಿನೇಯಪ್ಪ. ಮಹಾಂತೇಶ ಕೇಳುತ್ತಿರುವುದು ಅದನ್ನೇ ಎಂದುಕೊಂಡ ಓಬಯ್ಯ, ತಾನು ಹತ್ತೇ ಜನಕ್ಕೆ ಹೇಳಿದ್ದರೂ ಊರಿಗೆಲ್ಲ ಗೊತ್ತಾಗಿಬಿಟ್ಟಿದೆಯಲ್ಲ ಎಂದು ಹಿಗ್ಗಿದ.

"ಅದ್ಯಾಕೆ ಆಗಲ್ಲ? ಎಲ್ಲಾ ತಯಾರಿ ಆಗೈತೆ" ಅಂದ ಬಾಯಿ ತುಂಬಿದ ರಸ ಸಂಭಾಳಿಸಿಕೊಳ್ಳುತ್ತಾ.

ಪ್ಲಾಟ್‌ಫಾರ್ಮು ಚಪ್ಪಾಳೆ ತಟ್ಟಿತು.

ಅವನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಸೂರಮ್ಮ ಹೊಸಲ ಮೇಲೆ ನಿಂತಿದ್ದಳು. ಕಾವ್ಯ ಒಳಗೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಓಬಯ್ಯ ತಾನು ಅಗಿದದ್ದು ಏನೆಂದು ಹೆಂಡತಿಯ ಬಾಯಿಂದ ಕೇಳಿ ತಿಳಿದುಕೊಂಡ. ತಿಳಿದ ಮೇಲೂ, ಅದು ತನಗೆ ಗೊತ್ತೇ ಇತ್ತು ಎಂಬಂತೆ ತಲೆಯಾಡಿಸಿದ.

"ಎಲೆ ಹಾಕ್ಕೋಬೇಕು ಅನ್ನಿಸಿದ್ರೆ ಮನೇಲಿ ಇರಲಿಲ್ವೇನಯ್ಯ" ಅಂದಳು ಸೂರಮ್ಮ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಓಬಯ್ಯನಿಗೆ. "ಸೋಮವಾರ ನಿನ್ನ ಕೈಯ ತಟ್ಟೆ ಯಜಮಾನ್ರು ಮುಟ್ಲಿಲ್ಲ ಅಂದ್ರೆ ರಾಂಪುರದೋರು ಮುಟ್ತಾರಾ? ಹುಡುಗಿ ಗತಿ ಏನು?"

ಅದು ನಿಜವಾಗಿತ್ತು. ಹುಡುಗಿಯ ತಂದೆ ತಟ್ಟೆಯನ್ನು ಯಜಮಾನರ ಕೈಗೆ ಕೊಡಬೇಕು, ಯಜಮಾನರು ಅದನ್ನು ಗಂಡಿನವರಿಗೆ ದಾಟಿಸಬೇಕು. ಆಗಲೇ ಮಾತು ಗಟ್ಟಿ.

ಸಂಜೆ ಓಬಯ್ಯ ಒಂದು ಕಟ್ಟು ಒಳ್ಳೆಯ ಎಲೆ ತೆಗೆದುಕೊಂಡು ಚಿತ್ತಪ್ಪನವರ ಮನೆಗೆ ಹೋದ. ಎರಡು ಎಲೆಗೆ ಬದಲು ನೂರು ಎಲೆ ಕೊಟ್ಟು ಕೈತೊಳೆದುಕೊಳ್ಳುವುದೆಂದು ಅವನ ಲೆಕ್ಕ. ಆದರೆ ಅಲ್ಲಿ ಜಗಲಿಯ ಮೇಲೆ ನಾಲ್ಕಾರು ಹಿರಿಯರು ಕೂತು ಅವನ ಎದೆಗಾರಿಕೆಯನ್ನೇ ಹೊಗಳುತ್ತಿದ್ದರು. ಅಂಥ ಹೊಗಳಿಕೆ ಓಬಯ್ಯ ಐವತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ. ಇನ್ನೂ ಸ್ವಲ್ಪ ಕೇಳಿ ಆಮೇಲೆ ಹೇಳೋಣವೆಂದು ಕೂತ. ಹೇಳುವ ಹೊತ್ತಿಗೆ ಚಿತ್ತಪ್ಪ, ತಮ್ಮ ಸೋದರಮಾವನೊಬ್ಬ ಕೆರೆ ಏರಿ ಕಟ್ಟಿಸುತ್ತೇನೆಂದು ವೀಳ್ಯ ಹಿಡಿದು ತಪ್ಪಿದ ಕಥೆ ತೆಗೆದರು. ಹನ್ನೊಂದು ವರ್ಷ ಆ ಮನೆಯ ವೀಳ್ಯವನ್ನು ಯಾರೂ ಮುಟ್ಟಿರಲಿಲ್ಲವಂತೆ. ಮೂರು ಹೆಣ್ಣುಮಕ್ಕಳು ಹಾಗೇ ಉಳಿದಿದ್ದರಂತೆ.

"ಸೋಮವಾರ ನಿನ್ನ ಮಗಳ ಶಾಸ್ತ್ರ ಐತಲ್ಲ" ಎಂದರು ಚಿತ್ತಪ್ಪ, ಮೆತ್ತಗೆ. "ರೈಲು ಬಂದಿರಲಿ ಕಣಪ್ಪ. ನಿನ್ನ ತಟ್ಟೆ ನಾನು ಬೇಡ ಅನ್ನೋ ಹಂಗೆ ಮಾಡಬೇಡ."

ಓಬಯ್ಯ ಎಲೆಯ ಕಟ್ಟನ್ನು ಕಾಣಿಕೆಯೆಂದು ಹೇಳಿ ಕೊಟ್ಟು ಬಂದ.

ಗುರುವಾರ ಬೆಳಿಗ್ಗೆ ಅವನು ಮುಷ್ಕರದವರ ಹತ್ತಿರ ಹೋದ. ಸ್ಟೇಷನ್ನಿನ ಆಚೆ, ರಸ್ತೆ ಹಳಿ ದಾಟುವ ಗೇಟಿನ ಪಕ್ಕದಲ್ಲಿ ಅವರು ಶಾಮಿಯಾನ ಹಾಕಿ ಕೂತಿದ್ದರು. ಅವರ ಮುಂದಾಳು ನಾಗಾರ್ಜುನ ಆ ಗೇಟನ್ನೇ ಕಾಯುವವನು. ಆಂಧ್ರದ ಗಡಿಯ ಆಚೆ ಊರಿನವನು, ಕನ್ನಡವನ್ನೂ ತೆಲುಗನ್ನೂ ಒಂದೇ ತಟ್ಟೆಯಲ್ಲಿ ಕಲಸಿಕೊಂಡು ಮಾತಾಡುತ್ತಿದ್ದ. ಓಬಯ್ಯ ದಾರಿಯುದ್ದಕ್ಕೂ ತಾನಾಡಬೇಕಾದ ಮಾತನ್ನು ಬಾಯಿಪಾಠ ಮಾಡಿದ್ದ: ನೋಡ್ರಪ್ಪ, ನಿಮ್ಮ ಕಷ್ಟ ನಿಮಗೆ, ನಮ್ಮ ಕಷ್ಟ ನಮಗೆ, ಸೋಮವಾರ ಒಂದು ರೈಲು ಬಿಡ್ರಿ.

"ರಾ ಅನ್ನಾ, ಕೂತ್ಕೋ" ಎಂದು ನಾಗಾರ್ಜುನ ಅವನಿಗೆ ಚಹಾ ಕೊಟ್ಟು ತನ್ನ ಕಷ್ಟ ಹೇಳಿಕೊಂಡ. ಹನ್ನೆರಡು ಗಂಟೆಯ ಪಾಳಿಯಲ್ಲಿ ಅವನು ಒಂದು ಊಟವನ್ನು ನಾಲ್ಕು ಕಂತಿನಲ್ಲಿ ಉಣ್ಣುತ್ತಿದ್ದ. ಬಯಲಿಗೆ ಹೋಗಬೇಕೆಂದರೂ ರೈಲಿನ ವೇಳಾಪಟ್ಟಿ ನೋಡಬೇಕಿತ್ತು. ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಪಾಳಿಗೆ ಬೇರೆಯವರು ಸಿಗದೆ, ಹೆಸರನ್ನು ಫೋನಿನಲ್ಲಿ ಹೇಳಿದ್ದನಂತೆ. ಅಷ್ಟರಲ್ಲಿ ಗೂಡ್ಸ್ ಗಾಡಿ ಬಂದು, ಮನೆಯವರಿಗೆ ಸರಿಯಾಗಿ ಕೇಳಿಸದೆ, ಕೊನೆಗೆ ಅತ್ತೆ ತನಗೆ ಬೇಕಾದ ಹೆಸರನ್ನೇ ಇಟ್ಟುಬಿಟ್ಟಿದ್ದಳು. ಓಬಯ್ಯನ ಕಣ್ಣು ತುಂಬಿತು.

ಆಗಲೇ ಗಾಳಿ ಬೀಸಿ, ಶಾಮಿಯಾನದ ಮುಂದೆ ಕಟ್ಟಿದ್ದ ಬಟ್ಟೆಯ ಬ್ಯಾನರು ನಡುವೆ ಹರಿದು ಎರಡಾಯಿತು. ಎಂಟು ಗಂಟೆ ಕೆಲಸ ಅನ್ನುವುದರಲ್ಲಿ ಎಂಟು ಒಂದು ಕಡೆಗೂ ಕೆಲಸ ಇನ್ನೊಂದು ಕಡೆಗೂ ಹಾರಾಡಿದವು. ಓಬಯ್ಯ ಸೊಂಟಕ್ಕೆ ಸಿಕ್ಕಿಸಿದ್ದ ದಬ್ಬಣ ತೆಗೆದ. ಹರಿದದ್ದು ಕಂಡರೆ ಅವನ ಕೈ ಯಾರ ಅಪ್ಪಣೆಗೂ ಕಾಯುತ್ತಿರಲಿಲ್ಲ. ಚೀಲದ ಹುರಿ ಪೋಣಿಸಿ ಎಂಟೇ ಹೊಲಿಗೆಯಲ್ಲಿ ಬ್ಯಾನರನ್ನು ಒಂದು ಮಾಡಿದ. ಇನ್ನು ಚಂಡಮಾರುತ ಬಂದರೂ ಬಿಚ್ಚುವಂತಿರಲಿಲ್ಲ. ಮುಷ್ಕರದವರು ಅವನ ಕೊರಳಿಗೆ ಸೇವಂತಿಗೆ ಹಾರ ಹಾಕಿದರು. ಅದೇ ಹೊತ್ತಿಗೆ ಅಲ್ಲಿಗೆ ಬಂದಿದ್ದ ಮಹಾಂತೇಶ ಫೋಟೋ ತೆಗೆದ.

ಮನೆಯ ದಾರಿಯಲ್ಲಿ ಅರ್ಧ ನಡೆದ ಮೇಲೆ ಓಬಯ್ಯನಿಗೆ ತಾನು ರೈಲಿನ ಮಾತನ್ನೇ ಎತ್ತಲಿಲ್ಲವೆಂದು ನೆನಪಾಯಿತು.

ಮಧ್ಯಾಹ್ನದ ಹೊತ್ತಿಗೆ ಆ ಫೋಟೋ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿತ್ತು. ಕೆಳಗೆ ಮಹಾಂತೇಶ, ಪ್ರಯಾಣಿಕರ ನಾಯಕ ಓಬಯ್ಯನವರಿಂದ ಮುಷ್ಕರಕ್ಕೆ ಬೆಂಬಲ ಎಂದು ಬರೆದಿದ್ದ. ರಾಂಪುರದಿಂದ ಅಂಜಿನೇಯಪ್ಪ ಫೋನು ಮಾಡಿ, ಬೀಗರು ಲೀಡರೆಂದು ನಮಗೆ ಯಾರೂ ಹೇಳಿರಲಿಲ್ಲವಲ್ಲ ಅಂದರು. ಅದು ಸಂತೋಷವೋ ಆಕ್ಷೇಪಣೆಯೋ ಸೂರಮ್ಮನಿಗೆ ದನಿಯಲ್ಲಿ ಗೊತ್ತಾಗಲಿಲ್ಲ. ಮಿಲ್ಲಿನ ಮಾಲೀಕರೂ ಫೋನು ಮಾಡಿ, ಸದ್ಯ ನಮ್ಮ ಮಿಲ್ಲಿನಲ್ಲಿ ಬ್ಯಾನರು ಹೊಲಿಯಬೇಡಪ್ಪ ಅಂದರು.

ಸಂಜೆ ಜಯಕ್ಕ ಬಂದಳು. ಮೂರು ದಿನದ ಬಾಡಿದ ಕೊತ್ತಂಬರಿಯನ್ನೆಲ್ಲ ತಂದು ಓಬಯ್ಯನ ಬಾಗಿಲಲ್ಲಿ ಸುರಿದಳು. ವೀಳ್ಯ ಹಿಡಿದದ್ದು ರೈಲು ತರಿಸೋಕೆ, ರೈಲು ನಿಲ್ಲಿಸಿದವರ ಬಟ್ಟೆ ಹೊಲಿಯೋಕಲ್ಲ ಎಂದು ಬೀದಿಗೆಲ್ಲ ಕೇಳಿಸುವಂತೆ ಹೇಳಿದಳು. ಓಬಯ್ಯ ಆಕೆಯನ್ನು ಸಮಾಧಾನಪಡಿಸುವುದಕ್ಕೆ, ತಾನು ನಾಳೆಯೇ ಮೊಳಕಾಲ್ಮೂರಿಗೆ ಹೋಗಿ ತಹಶೀಲ್ದಾರರಿಗೆ ಮುಷ್ಕರದ ವಿರುದ್ಧ ಅರ್ಜಿ ಕೊಡುವೆನೆಂದ. ಜಯಕ್ಕ ಅಲ್ಲೇ ಅರ್ಜಿ ಬರೆಸಿದಳು, ಮೊದಲ ಸಹಿ ಓಬಯ್ಯನಿಂದ ಹಾಕಿಸಿದಳು. ಆಕೆ ಹೋದ ಅರ್ಧ ಗಂಟೆಗೆ ಮಹಾಂತೇಶ ಬಂದ. ನಾಳೆ ಮೊಳಕಾಲ್ಮೂರಿಗೆ ಹೋಗುತ್ತೀರಂತಲ್ಲ ಎಂದು ಮುಷ್ಕರದ ಪರ ಅರ್ಜಿಯನ್ನು ಮುಂದೆ ಹಿಡಿದ. ಟೈಪು ಮಾಡಿಸಿ ತಂದಿದ್ದ. ಅಷ್ಟು ಚೆನ್ನಾಗಿ ಟೈಪಾದ ಕಾಗದಕ್ಕೆ ಇಲ್ಲವೆನ್ನುವುದು ಹೇಗೆಂದು ಓಬಯ್ಯ ಅದಕ್ಕೂ ಮೊದಲ ಸಹಿ ಹಾಕಿದ.

ಶುಕ್ರವಾರ ಅವನು ಬಸ್ಸಿನ ಬಾಗಿಲಲ್ಲಿ ಒಂದು ಕಾಲಲ್ಲಿ ನಿಂತು ಮೊಳಕಾಲ್ಮೂರು ಮುಟ್ಟಿದ. ಮಗ್ಗಗಳ ಸದ್ದಿನ ಓಣಿಗಳನ್ನು ದಾಟಿ ತಾಲ್ಲೂಕು ಕಚೇರಿಗೆ ಹೋದ. ಅಲ್ಲಿನ ಜವಾನ ಏನು ಕೆಲಸವೆಂದು ತೆಲುಗಿನಲ್ಲಿ ಕೇಳಿದ, ಓಬಯ್ಯ ಕನ್ನಡದಲ್ಲಿ ಹೇಳಿದ, ಇಬ್ಬರಿಗೂ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಫೋಟೋ ಅಲ್ಲಿಗೂ ಬಂದಿತ್ತು. ಹಾರ ಹಾಕಿಸಿಕೊಂಡ ನಾಯಕರೇ ಬಂದಿದ್ದಾರೆಂದು ಸಿಬ್ಬಂದಿ ಎದ್ದು ಕುರ್ಚಿ ಕೊಟ್ಟರು. ಒಬ್ಬ ಪೇದೆ ಬಂದು ಹಿಂದೆ ನಿಂತ. ಗೌರವಕ್ಕೋ ಕಾವಲಿಗೋ ಎಂದು ಓಬಯ್ಯ ಕೇಳಲಿಲ್ಲ.

ತಹಶೀಲ್ದಾರರು ಎರಡೂ ಅರ್ಜಿಗಳನ್ನು ಓದಿದರು. ಒಂದನ್ನು ಎಡಗೈಯಲ್ಲಿ, ಇನ್ನೊಂದನ್ನು ಬಲಗೈಯಲ್ಲಿ ಹಿಡಿದು ಸಹಿ ತಾಳೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಓಬಯ್ಯ, ನೀವು ಮುಷ್ಕರದ ಪರವೋ ವಿರುದ್ಧವೋ?"

"ಎರಡೂ ಸ್ವಾಮಿ."

"ಒಬ್ಬರೇ ಎರಡೂ ಆಗೋಕೆ ಬರಲ್ಲ ಕಣ್ರಿ."

"ನಾನು ನೂರಿಪ್ಪತ್ತು ಜನದ ಪರ ಬಂದೀನಿ ಸ್ವಾಮಿ. ಅದ್ರಲ್ಲಿ ಅರವತ್ತು ಅತ್ಲಾಗೆ, ಅರವತ್ತು ಇತ್ಲಾಗೆ. ಅರ್ಧಕ್ಕೆ ಮಾತ್ರ ಬಂದ್ರೆ ತಪ್ಪಲ್ವಾ?"

ತಹಶೀಲ್ದಾರರು ಎರಡೂ ಅರ್ಜಿಗಳನ್ನು ಒಂದರ ಮೇಲೊಂದು ಇಟ್ಟರು. ಅವರ ಸರ್ವೀಸಿನಲ್ಲಿ ಇಷ್ಟು ಪ್ರಾಮಾಣಿಕವಾದ ಗೊಂದಲವನ್ನು ಅವರು ಕಂಡಿರಲಿಲ್ಲ. ರೈಲು ತಮ್ಮ ಇಲಾಖೆಗೆ ಬರುವುದಿಲ್ಲ, ಅರ್ಜಿಗಳನ್ನು ಮೇಲಕ್ಕೆ ಕಳಿಸುವುದಷ್ಟೇ ತಮ್ಮ ಕೈಯಲ್ಲಿರುವುದು ಎಂದು ವಿವರಿಸಿ, ಎರಡಕ್ಕೂ ಮುದ್ರೆ ಹಾಕಿಸಿ ಸ್ವೀಕೃತಿ ಕೊಡಿಸಿದರು. ಓಬಯ್ಯ ಎದ್ದಾಗ ದನಿ ತಗ್ಗಿಸಿ, ನಿಮ್ಮ ಅಂದಾಜಿನಲ್ಲಿ ರೈಲು ಯಾವಾಗ ಶುರುವಾಗಬಹುದು, ನಮ್ಮ ಮನೆಯವರು ತವರಿನಿಂದ ಬರಬೇಕು ಎಂದು ಕೇಳಿದರು. ಸೋಮವಾರವೆಂದ ಓಬಯ್ಯ. ತಹಶೀಲ್ದಾರರು ನಿಟ್ಟುಸಿರು ಬಿಟ್ಟು, ಅಷ್ಟು ಅವಸರವೇನಿಲ್ಲ ಅಂದರು.

ಒಂದೇ ಕೈ ಎರಡು ಅರ್ಜಿ ಕೊಟ್ಟ ಸಂಗತಿ ಭಾನುವಾರದ ಹೊತ್ತಿಗೆ ಎಲ್ಲರಿಗೂ ತಿಳಿಯಿತು. ಬೆಳಿಗ್ಗೆಯೇ ಎರಡೂ ಪಕ್ಷದವರು ಓಬಯ್ಯನ ಹೊಲಕ್ಕೆ ಜಗಳಕ್ಕೆ ಬಂದರು. ಜಯಕ್ಕನವರು ಶೇಂಗಾ ಗುಡ್ಡೆಯ ಒಂದು ಬದಿಗೆ ಕೂತರು, ಮಹಾಂತೇಶನವರು ಇನ್ನೊಂದು ಬದಿಗೆ. ಓಬಯ್ಯ ದ್ರೋಹಿ ಎನ್ನುವುದರಲ್ಲಿ ಎರಡೂ ಕಡೆಯವರಿಗೆ ಅನುಮಾನವಿರಲಿಲ್ಲ, ಯಾರಿಗೆ ದ್ರೋಹ ಮಾಡಿದ ಎನ್ನುವುದರಲ್ಲಷ್ಟೇ ಭಿನ್ನಾಭಿಪ್ರಾಯ. ಆದರೆ ಶೇಂಗಾ ಗುಡ್ಡೆಯ ಮುಂದೆ ಕೂತ ಆ ಕಡೆಯ ಯಾರ ಕೈಯೂ ಸುಮ್ಮನಿರುವುದಿಲ್ಲ. ಬೈಯುತ್ತಾ ಬೈಯುತ್ತಾ ಬಳ್ಳಿ ಎಳೆದುಕೊಂಡರು, ಕಾಯಿ ಬಿಡಿಸಿದರು. ಮಾತು ಬಿಸಿಯಾದಷ್ಟೂ ಕೈ ಚುರುಕಾಯಿತು. ಸೂರಮ್ಮ ಇದನ್ನು ನೋಡಿದಳು. ಹಿಂದಿನ ಗುಡ್ಡೆಯ ಬಳ್ಳಿಯನ್ನೂ ತಂದು ತಂದು ಅವರ ಮುಂದೆ ಹಾಕಿದಳು. ಜಗಳ ಆರುವ ಸೂಚನೆ ಕಂಡಾಗಲೆಲ್ಲ, ಹಂಗಾದ್ರೆ ಗೇಟಿನವ್ರದ್ದು ತಪ್ಪಾ ಎಂದು ಒಂದು ಪ್ರಶ್ನೆ ಹಾಕುತ್ತಿದ್ದಳು. ನಾಲ್ಕು ದಿನದ ಕೆಲಸ ಒಂದೇ ಹಗಲಿನಲ್ಲಿ ಮುಗಿಯಿತು.

ಆದರೆ ರೈಲು ಬರಲಿಲ್ಲ.

ಸೋಮವಾರ ಮಧ್ಯಾಹ್ನ ರಾಂಪುರದಿಂದ ಟೆಂಪೊದಲ್ಲಿ ಬೀಗರು ಬಂದರು. ಚಪ್ಪರದಡಿ ಚಾಪೆ ಹಾಸಿತ್ತು. ಪ್ರಯಾಣಿಕರೆಲ್ಲ ಬಂದಿದ್ದರು. ಓಬಯ್ಯನ ಗತಿ ಏನಾಗುತ್ತದೆಂದು ನೋಡದೆ ಮನೆಯಲ್ಲಿ ಕೂರುವುದು ಯಾರಿಂದಲೂ ಆಗಿರಲಿಲ್ಲ. ಕಾವ್ಯ ಮೊಳಕಾಲ್ಮೂರಿನ ಹಸಿರು ರೇಷ್ಮೆ ಸೀರೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಪ್ರಭು ಅವಳನ್ನು ನೋಡುತ್ತಿದ್ದ, ಅವಳು ಅಪ್ಪನ ಕೈ ನೋಡುತ್ತಿದ್ದಳು.

ಓಬಯ್ಯ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆಯನ್ನು ಎತ್ತಿ ಚಿತ್ತಪ್ಪನವರ ಮುಂದೆ ಹಿಡಿದ. ಚಿತ್ತಪ್ಪನವರ ಕೈ ತೊಡೆಯ ಮೇಲಿಂದ ಏಳಲಿಲ್ಲ. ಅವರು ತಟ್ಟೆಯನ್ನು ನೋಡಿದರು, ಹುಡುಗಿಯನ್ನು ನೋಡಿದರು. ಅವರ ಮುಖದಲ್ಲಿ ಸಂಕಟವಿತ್ತು. ತಾವೇ ಕಾಯ್ದುಕೊಂಡು ಬಂದ ಕಟ್ಟಳೆಯಲ್ಲಿ ತಾವೇ ಒಂದು ಕಂಡಿ ಹುಡುಕುತ್ತಿದ್ದರು, ಸಿಗುತ್ತಿರಲಿಲ್ಲ. ಓಬಯ್ಯ ತಟ್ಟೆಯನ್ನು ಇನ್ನಷ್ಟು ಮುಂದಕ್ಕೆ ನೀಡಿದ. ತೆಂಗಿನಕಾಯಿ ತಟ್ಟೆಯಲ್ಲಿ ಅತ್ತಿತ್ತ ಉರುಳಿತು.

ಆಗ ಅವನು ತನ್ನ ಜನ್ಮದಲ್ಲಿ ಮೊದಲ ಬಾರಿಗೆ ಆ ಮಾತು ಹೇಳಿದ.

"ನನಗೆ ಗೊತ್ತಿರಲಿಲ್ಲ ಯಜಮಾನ್ರೆ. ವೀಳ್ಯ ಅಂತ ಗೊತ್ತಿರಲಿಲ್ಲ. ಬಾಯಿ ಒಣಗಿತ್ತು, ಎಲೆ ಕಂಡ್ತು, ಹಾಕ್ಕೊಂಡೆ. ಆಮೇಲೆ ಹೇಳೋಕೆ ನಾಚಿಕೆ ಆತು."

ಸೂರಮ್ಮ ಗಂಡನನ್ನು ಬೇರೆ ಯಾರನ್ನೋ ನೋಡುವಂತೆ ನೋಡಿದಳು.

"ನೀನು ಸುಣ್ಣ ಕೇಳಿದಾಗ್ಲೇ ನನಗೆ ಗೊತ್ತಾತು ಕಣ್ಲೇ" ಎಂದರು ಚಿತ್ತಪ್ಪ. "ಬೇರೆ ಯಾರೂ ಏಳ್ಲಿಲ್ಲ, ನೀನಾದ್ರೂ ಬಂದ್ಯಲ್ಲ ಅಂತ ಸುಮ್ನಾದೆ. ಅದು ನನ್ನ ತಪ್ಪು. ಆದ್ರೆ ಅಗಿದ ವೀಳ್ಯ ಅಗಿದಂಗೇ. ಏನ್ ಮಾಡ್ಲಿ ಹೇಳು."

ಹೆಂಗಸರ ನಡುವಿಂದ ಜಯಕ್ಕ ಎದ್ದಳು.

"ಯಜಮಾನ್ರೆ, ಓಬಣ್ಣ ಬಾಕಿ ಇರೋದು ಯಾರಿಗೆ? ನಿಮಗೋ, ನಮಗೋ? ರೈಲು ನಮ್ದು. ನೀವು ಮನೆಯಿಂದ ಬೇವಿನ ಮರಕ್ಕೆ ಬರೋರು, ನಿಮಗ್ಯಾತರ ರೈಲು?"

ಯಜಮಾನರಿಗೆ ಹಾಗೆ ಮಾತಾಡಿದವರು ಹಿಂದೆ ಯಾರೂ ಇರಲಿಲ್ಲ. ಆದರೆ ಕಂಡಿ ಕಂಡ ಚಿತ್ತಪ್ಪನವರ ಮುಖ ಅರಳಿತು. ಬಾಕಿ ಪ್ರಯಾಣಿಕರಿಗೇ ಸರಿ ಎಂದು ಒಪ್ಪಿಕೊಂಡರು. ಮಹಾಂತೇಶ ಕೂಡಲೇ ಎದ್ದು, ಸಾಲ ಕೊಟ್ಟವರು ಒಪ್ಪಿದರೆ ಗಡುವು ಮುಂದೂಡಬಹುದು, ದಂಡ ಹಾಕಿ ಬಾಕಿ ತೀರಿಸಿಕೊಳ್ಳಬಹುದು, ಇದಕ್ಕೆ ವಕೀಲರನ್ನು ಕೇಳಬೇಕಾಗಿಲ್ಲ ಅಂದ. ಜಯಕ್ಕ ಹೌದೆಂದಳು. ಮುಷ್ಕರ ಶುರುವಾದ ಮೇಲೆ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಒಪ್ಪಿದ್ದು ಅವರಿಗೇ ಆಶ್ಚರ್ಯವಾಗಿ ಒಬ್ಬರನ್ನೊಬ್ಬರು ನೋಡಿಕೊಂಡರು.

ದಂಡ ಏನೆಂದು ನೂರಿಪ್ಪತ್ತು ಜನ ಚರ್ಚಿಸಿದರು. ಹುಡುಗನ ಕಡೆಯವರೂ ಸೇರಿಕೊಂಡರು. ಕೊನೆಗೆ ತೀರ್ಮಾನವಾಯಿತು: ಮುಷ್ಕರ ಎಷ್ಟು ದಿನ ನಡೆಯುತ್ತದೋ ಅಷ್ಟು ವಾರ ಓಬಯ್ಯ ರೈಲಿನಲ್ಲಿ ಕೂರುವಂತಿಲ್ಲ. ಚಳ್ಳಕೆರೆಯವರೆಗೆ ನಿಂತೇ ಹೋಗಬೇಕು. ಅವನು ಹಿಡಿದ ಸೀಟಿನಲ್ಲಿ ಜಯಕ್ಕನ ಸೊಪ್ಪಿನ ಬುಟ್ಟಿ ಕೂರಬೇಕು.

ಚಿತ್ತಪ್ಪ ಕೆಮ್ಮಿ, ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡು ಗಂಡಿನವರಿಗೆ ದಾಟಿಸಿದರು. ಅಂಜಿನೇಯಪ್ಪನವರು ಅದನ್ನು ಕಣ್ಣಿಗೊತ್ತಿಕೊಂಡು, ನಮ್ಮ ರಾಂಪುರದಲ್ಲಿ ಇಂಥ ಲೀಡರುಗಳಿಲ್ಲ ಅಂದರು. ಈ ಸಲ ಅದು ಸಂತೋಷವೇ ಎಂದು ಸೂರಮ್ಮನಿಗೆ ಗೊತ್ತಾಯಿತು.

ಊಟದ ಎಲೆ ಎತ್ತುವಾಗ ನಾಗಾರ್ಜುನ ಸೈಕಲ್ ಮೇಲೆ ಬಂದು, ಮುಷ್ಕರ ಮುಗಿಯಿತು, ನಾಳೆ ಪ್ಯಾಸೆಂಜರ್ ಬರುತ್ತದೆಂದು ಹೇಳಿದ. ಹನ್ನೆರಡು ಗಂಟೆಯ ಪಾಳಿ ಹತ್ತು ಗಂಟೆಗೆ ಇಳಿದಿತ್ತು, ಅದನ್ನು ಎಂಟಕ್ಕೆ ಇಳಿಸುವುದಕ್ಕೆ ಒಂದು ಸಮಿತಿಯಾಗಿತ್ತು. ಆ ಸುದ್ದಿ ಎರಡು ಗಂಟೆ ಮುಂಚೆ ಬಂದಿದ್ದರೆ ಓಬಯ್ಯ ಊರ ಗಂಡುಗಲಿಯಾಗಿ ಮೆರೆಯುತ್ತಿದ್ದ. ಈಗ ಏಳು ದಿನದ ಮುಷ್ಕರಕ್ಕೆ ಏಳು ವಾರ ಬಿತ್ತು.

ಮಂಗಳವಾರದಿಂದ ಓಬಯ್ಯ ನಿಂತ. ಮುಂಚಿನಂತೆಯೇ ಕಿಟಕಿಯೊಳಕ್ಕೆ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದ. ಜಯಕ್ಕನ ಬುಟ್ಟಿಯನ್ನು ಅಲ್ಲಿ ಕೂರಿಸುತ್ತಿದ್ದ. ಸರಳು ಹಿಡಿದು ನಿಲ್ಲುತ್ತಿದ್ದ. ಕಿಟಕಿಯ ಗಾಳಿಗೆ ಕೊತ್ತಂಬರಿ ಚಳ್ಳಕೆರೆ ಮುಟ್ಟುವವರೆಗೂ ನಳನಳಿಸುತ್ತಿತ್ತು. ಬುಟ್ಟಿ ಸರಿಸಿ ಕೂರಬಾರದೇ ಎಂದು ಹೊಸ ಪ್ರಯಾಣಿಕರು ಕೇಳಿದರೆ, ಅದು ರಿಸರ್ವ್ ಆಗಿದೆ ಎನ್ನುತ್ತಿದ್ದ. ಗೇಟಿನವರ ಮುಷ್ಕರ ಸರಿಯೋ ತಪ್ಪೋ ಎಂಬ ವಾದ ಬೋಗಿಯಲ್ಲಿ ಮುಂದುವರಿದೇ ಇತ್ತು. ಆದರೆ ನಡುವೆ ಓಬಯ್ಯ ನಿಂತಿರುತ್ತಿದ್ದುದರಿಂದ ಎರಡು ಪಕ್ಷದವರೂ ಅವನ ಆಚೆ ಈಚೆಯಿಂದ ಬಗ್ಗಿ ಜಗಳವಾಡಬೇಕಾಗಿ, ದನಿ ತಾನಾಗಿ ತಗ್ಗಿತ್ತು.

ಶೇಂಗಾ ಮುಗಿದು ಅವರೆಕಾಯಿ ಬಂತು. ಸಂಕ್ರಾಂತಿಯೂ ಕಳೆಯಿತು. ಒಂದು ಬೆಳಿಗ್ಗೆ ತಳುಕು ಸ್ಟೇಷನ್ ದಾಟಿದ ಮೇಲೆ ಜಯಕ್ಕ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಮಾಡುತ್ತಾ, ತಲೆ ಎತ್ತದೆ, ಓಬಣ್ಣ, ನಿನ್ನ ಏಳು ವಾರ ಮುಗಿದು ಹದಿನೈದು ದಿನ ಆತು ಅಂದಳು.

ಓಬಯ್ಯ ಬೆರಳು ಮಡಿಚಿ ಎಣಿಸಿದ. ಮತ್ತೊಮ್ಮೆ ಎಣಿಸಿದ. ಮಹಾಂತೇಶ ಕಿಟಕಿಯಾಚೆ ನೋಡತೊಡಗಿದ. ಅವನಿಗೂ ಗೊತ್ತಿತ್ತೆಂಬುದು ಅವನ ಕೆಂಪಾದ ಕಿವಿಯಲ್ಲೇ ಕಾಣುತ್ತಿತ್ತು.

"ಮೊದ್ಲೇ ಹೇಳಬಾರದಿತ್ತೇನಕ್ಕ?"

"ನೀನು ಕೇಳ್ಲಿಲ್ಲ. ಸೊಪ್ಪು ಚೆನ್ನಾಗಿ ಇರ್ತಿತ್ತು, ನಾನೂ ಸುಮ್ನಿದ್ದೆ." ಜಯಕ್ಕ ಬುಟ್ಟಿಯನ್ನು ಸೀಟಿನಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡಳು. "ಹದಿನೈದು ದಿನದ ಸೀಟು ನಾನು ನಿನಗೆ ಬಾಕಿ. ಕೂತ್ಕೋ."

ಓಬಯ್ಯ ಖಾಲಿ ಸೀಟನ್ನು ನೋಡಿದ. ಒಂಬತ್ತು ವಾರ ನಿಂತ ಕಾಲಿಗೆ ಮಡಚುವುದು ಮರೆತಂತಿತ್ತು. ಇನ್ನೇನು ಚಳ್ಳಕೆರೆ ಬಂತಲ್ಲ, ಬಾಕಿ ಹಂಗೇ ಇರ್ಲಿ ಬಿಡಕ್ಕ ಎಂದು ಹೇಳಿ, ಬುಟ್ಟಿಯನ್ನು ಅವಳ ಮಡಿಲಿಂದ ಎತ್ತಿ ಮತ್ತೆ ಕಿಟಕಿಯ ಪಕ್ಕ ಕೂರಿಸಿದ.